ಗ್ರೂಂಬ್ರಿಡ್ಜ್ 34: ಓಡುತ್ತಿರುವ ಕೆಂಪು ಜೋಡಿಯನ್ನು ಹುಡುಕಿ ಹಿಡಿಯುವುದು ಹೇಗೆ?

ನಮ್ಮ ಸೂರ್ಯನ ಸುತ್ತಮುತ್ತ ಇರುವ ನಕ್ಷತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು ಕೆಂಪು ಕುಬ್ಜಗಳು, ಅಂದರೆ ಸೂರ್ಯನಿಗಿಂತ ಚಿಕ್ಕದಾದ, ಬಿಸಿ ಕಡಿಮೆಯಿರುವ ನಕ್ಷತ್ರಗಳು. ಆದರೂ ಅವುಗಳಲ್ಲಿ ಒಂದೂ ಬರಿಗಣ್ಣಿಗೆ ಕಾಣುವುದಿಲ್ಲ. ಎಲ್ಲಕ್ಕಿಂತ ಹತ್ತಿರದ ಪ್ರಾಕ್ಸಿಮಾ ಸೆಂಟಾರಿಯೂ ಅಷ್ಟೇ. ಅಷ್ಟು ಮಂಕು ಅವುಗಳ ಬೆಳಕು. ಹೀಗಾಗಿ ನಕ್ಷತ್ರ ವೀಕ್ಷಣೆಯ ಹವ್ಯಾಸ ಇರುವವರೂ ಶನಿಯ ಬಳೆ, ಚಂದ್ರನ ಕುಳಿ ನೋಡಿ ಮುಗಿಸುತ್ತಾರೆ, ಇವುಗಳತ್ತ ತಿರುಗುವುದೇ ಇಲ್ಲ. ಅದು ದೊಡ್ಡ ನಷ್ಟ. ನಕ್ಷತ್ರಗಳು ನಿಂತಲ್ಲೇ ನಿಂತಿಲ್ಲ ಎಂಬುದನ್ನು ಸ್ವಂತ ಕಣ್ಣಿನಿಂದ, ಸ್ವಂತ ಅಳತೆಯಿಂದ ತಿಳಿಯಲು ಇವುಗಳಷ್ಟು ಒಳ್ಳೆಯ ದಾರಿ ಬೇರೆ ಇಲ್ಲ.

ಆರಂಭಿಸುವವರಿಗೆ ನನ್ನ ಆಯ್ಕೆ ಗ್ರೂಂಬ್ರಿಡ್ಜ್ 34. ಇದು ಎರಡು ಕೆಂಪು ಕುಬ್ಜಗಳ ಜೋಡಿ, ದೂರ 11.6 ಜ್ಯೋತಿರ್ವರ್ಷ. ಸ್ಟೀಫನ್ ಗ್ರೂಂಬ್ರಿಡ್ಜ್ ಎಂಬ ಇಂಗ್ಲಿಷ್ ವ್ಯಾಪಾರಿ ಧ್ರುವದ ಸುತ್ತಲಿನ ನಕ್ಷತ್ರಗಳನ್ನು ವರ್ಷಗಟ್ಟಲೆ ಅಳೆದು ಪಟ್ಟಿ ಮಾಡಿದರು. ಅವರು ತೀರಿಕೊಂಡ ಮೇಲೆ, 1838ರಲ್ಲಿ ಪ್ರಕಟವಾದ ಆ ಪಟ್ಟಿಯಲ್ಲಿ ಇದರದ್ದು 34ನೇ ಸಾಲು. ಜೋಡಿಯ ದೊಡ್ಡ ನಕ್ಷತ್ರ 'ಎ'ಯ ಕಾಂತಿಮಾನ (ನಮಗೆ ಕಾಣುವ ಹೊಳಪಿನ ಅಳತೆ) 8.1, ಚಿಕ್ಕದು 'ಬಿ'ಯದ್ದು 11. ಈ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು. ನಮ್ಮ ಸೂರ್ಯನನ್ನು ಅಷ್ಟೇ ದೂರದಲ್ಲಿ ಇಟ್ಟರೆ ಅದರ ಕಾಂತಿಮಾನ 2.6 ಆಗುತ್ತಿತ್ತು, ಊರ ನಡುವಿನಿಂದಲೂ ಸುಲಭವಾಗಿ ಕಾಣುತ್ತಿತ್ತು. ಕಣ್ಣಿಗೆ ಕಾಣುವ ಬೆಳಕಿನ ಲೆಕ್ಕದಲ್ಲಿ 'ಎ' ಸೂರ್ಯನಿಗಿಂತ ಸುಮಾರು 160 ಪಟ್ಟು ಕಡಿಮೆ.

ಮೊದಲ ಹೆಜ್ಜೆ: ಸಮಯ, ಜಾಗ, ಸಲಕರಣೆ

ಮಳೆ ಹಿಂದೆ ಸರಿದು ಆಕಾಶ ತಿಳಿಯಾಗುವ ನವೆಂಬರ್, ಡಿಸೆಂಬರ್ ತಿಂಗಳುಗಳೇ ಇದಕ್ಕೆ ಸರಿ. ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಇರಲಿ. ನವೆಂಬರ್ ಮಧ್ಯದಲ್ಲಿ ರಾತ್ರಿ 9 ಗಂಟೆಯ ಹೊತ್ತಿಗೆ ಈ ಜೋಡಿ ಉತ್ತರ ದಿಕ್ಕಿನಲ್ಲಿ ತನ್ನ ಅತಿ ಎತ್ತರದ ಜಾಗಕ್ಕೆ ಬರುತ್ತದೆ: ಬೆಂಗಳೂರು, ಮಂಗಳೂರಿನಿಂದ ದಿಗಂತಕ್ಕಿಂತ ಸುಮಾರು 59 ಡಿಗ್ರಿ ಮೇಲೆ, ಬೀದರಿನಿಂದ 64. ಒಂದೊಂದು ತಿಂಗಳು ಕಳೆದಂತೆ ಎರಡೆರಡು ಗಂಟೆ ಮುಂಚೆ ಅಲ್ಲಿಗೆ ಬರುತ್ತದೆ. ಆದ್ದರಿಂದ ಉತ್ತರಕ್ಕೆ ಬೀದಿದೀಪ, ಎತ್ತರದ ಕಟ್ಟಡ ಇಲ್ಲದ ತಾರಸಿಯನ್ನೋ ಹೊಲವನ್ನೋ ಆರಿಸಿಕೊಳ್ಳಿ.

'ಎ'ಯನ್ನು ನೋಡಲು 10x50 (10 ಪಟ್ಟು ಹಿಗ್ಗಿಸುವ, 50 ಮಿ.ಮೀ. ಅಗಲದ ಮಸೂರವಿರುವ) ಬೈನಾಕ್ಯುಲರ್ ಸಾಕು. ಕೈ ನಡುಗದಂತೆ ಟ್ರೈಪಾಡ್‌ಗೆ ಬಿಗಿದರೆ ಉತ್ತಮ. 'ಬಿ' ಬೇಕೆಂದರೆ ಊರ ದೀಪಗಳಿಂದ ದೂರ ಹೋಗಿ, ಮಸೂರ ಅಥವಾ ಕನ್ನಡಿಯ ಅಗಲ 4 ಇಂಚು ಇರುವ ದೂರದರ್ಶಕ ಹಿಡಿಯಬೇಕು. ನಗರದೊಳಗಾದರೆ 6 ಅಥವಾ 8 ಇಂಚಿನದ್ದು ಬೇಕಾಗುತ್ತದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬಿಡಿ. ಆ ಅರ್ಧ ಗಂಟೆಯಲ್ಲಿ ಒಮ್ಮೆ ಮೊಬೈಲ್ ಪರದೆ ನೋಡಿದರೂ ಮತ್ತೆ ಮೊದಲಿನಿಂದ ಕಾಯಬೇಕು.

ಎರಡನೇ ಹೆಜ್ಜೆ: ದಾರಿ ಹಿಡಿಯುವುದು

ನೆತ್ತಿಯ ಹತ್ತಿರ ನಾಲ್ಕು ನಕ್ಷತ್ರಗಳ ದೊಡ್ಡ ಚೌಕ ಕಾಣುತ್ತದೆ. ಅದರ ಪೂರ್ವದ ಎರಡು ಮೂಲೆಗಳು ನಮ್ಮ ಪಂಚಾಂಗದ ಉತ್ತರಾಭಾದ್ರ. ಅವೆರಡರಲ್ಲಿ ಉತ್ತರದ ಮೂಲೆಯದ್ದು ಆಲ್ಫೆರಾಟ್ಸ್. ಅಲ್ಲಿಂದ ಈಶಾನ್ಯಕ್ಕೆ ಸಾಲಾಗಿ ಹೋದರೆ ಎರಡನೆಯದಾಗಿ ಮಿರಾಕ್ ಸಿಗುತ್ತದೆ. ಮಿರಾಕ್‌ನಿಂದ ಉತ್ತರಕ್ಕೆ ತಿರುಗಿ ಎರಡು ಮಂಕು ನಕ್ಷತ್ರ ದಾಟಿ. ಎರಡನೆಯದರ ಪಕ್ಕದಲ್ಲೇ ಉದ್ದನೆಯ ಮಬ್ಬು ಕಲೆಯಂತೆ ಕಾಣುವುದು ಆಂಡ್ರೋಮಿಡಾ ಗ್ಯಾಲಕ್ಸಿ. ಬೈನಾಕ್ಯುಲರ್‌ಗೆ ಅದು ತಪ್ಪದೆ ಸಿಗುತ್ತದೆ.

ಇಲ್ಲಿಂದ ಜೋಡಿ ಇರುವುದು ಸುಮಾರು 5 ಡಿಗ್ರಿ ವಾಯವ್ಯಕ್ಕೆ. ಹೆಚ್ಚಿನವರು ದಾರಿ ತಪ್ಪುವುದು ಈ ಜಾಗದಲ್ಲೇ. ಮುದ್ರಿತ ನಕ್ಷೆಗಳಲ್ಲಿ ಉತ್ತರ ಮೇಲಿರುತ್ತದೆ. ಆದರೆ ನೀವು ಉತ್ತರಕ್ಕೆ ಮುಖ ಮಾಡಿ, ಧ್ರುವ ನಕ್ಷತ್ರಕ್ಕಿಂತ ಎಷ್ಟೋ ಮೇಲಿನ ಜಾಗವನ್ನು ನೋಡುತ್ತಿದ್ದೀರಿ. ಹಾಗಾಗಿ ನಿಮ್ಮ ಪಾಲಿಗೆ ಉತ್ತರ ಎಂದರೆ ಕೆಳಗೆ, ಪಶ್ಚಿಮ ಎಂದರೆ ಎಡಕ್ಕೆ. ನಕ್ಷೆಯನ್ನು ತಲೆಕೆಳಗಾಗಿ ತಿರುಗಿಸಿ ಹಿಡಿದರೆ ಗೊಂದಲ ಮುಗಿಯಿತು. ಗ್ಯಾಲಕ್ಸಿಯನ್ನು ಬೈನಾಕ್ಯುಲರ್ ನೋಟದ ಬಲ ಮೇಲಂಚಿಗೆ ತಂದುಕೊಳ್ಳಿ, ಎಡ ಕೆಳಗಿನ ಭಾಗದಲ್ಲಿ 6ನೇ ಕಾಂತಿಮಾನದ 26 ಆಂಡ್ರೋಮಿಡೇ ಎಂಬ ಬಿಳಿ ನಕ್ಷತ್ರ ಬರುತ್ತದೆ. ಅದರಿಂದ ಕಾಲು ಡಿಗ್ರಿಗೂ ತುಸು ಕಡಿಮೆ, ಅಂದರೆ ಹುಣ್ಣಿಮೆ ಚಂದ್ರನ ಅಗಲದ ಅರ್ಧದಷ್ಟು ಕೆಳಕ್ಕೆ ಕಣ್ಣು ಇಳಿಸಿ. ಅಲ್ಲಿರುವ ಸಣ್ಣ ಚುಕ್ಕೆಯೇ ಗ್ರೂಂಬ್ರಿಡ್ಜ್ 34ರ 'ಎ'.

ಈಗ ಒಂದು ಕ್ಷಣ ನಿಂತು ನೋಡಿ. ನೋಟದ ಒಂದಂಚಿನಲ್ಲಿ 25 ಲಕ್ಷ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿ, ಇನ್ನೊಂದಂಚಿನಲ್ಲಿ ಬರೀ 11.6 ಜ್ಯೋತಿರ್ವರ್ಷದ ನಕ್ಷತ್ರ. ದೂರದ್ದು ಬರಿಗಣ್ಣಿಗೂ ಕಾಣುತ್ತದೆ, ಹತ್ತಿರದ್ದು ಕಾಣುವುದಿಲ್ಲ!

ಆಕಾಶದ ನಕ್ಷೆ ತೋರಿಸುವ ಸ್ಟೆಲ್ಲೇರಿಯಂ ಆ್ಯಪ್ ಬಳಸುವವರು 'ಜಿಎಕ್ಸ್ ಆಂಡ್' (GX And) ಎಂದು ಹುಡುಕಬಹುದು. 'ಎ'ಗೆ ಜಿಎಕ್ಸ್, 'ಬಿ'ಗೆ ಜಿಕ್ಯೂ ಎಂಬ ಹೆಸರು ಬಂದದ್ದು ಅವುಗಳ ಬೆಳಕು ಏರಿಳಿಯುವುದರಿಂದ. ಎರಡರಲ್ಲೂ ಕಾಂತೀಯ ಜ್ವಾಲೆಗಳು ಏಳುತ್ತವೆ.

ಮೂರನೇ ಹೆಜ್ಜೆ: ಎರಡನ್ನೂ ಬೇರೆಯಾಗಿ ಕಾಣುವುದು

ಎರಡರ ನಡುವಿನ ಅಂತರ ಸುಮಾರು 35 ವಿಕಲೆ. (ಒಂದು ಡಿಗ್ರಿಗೆ 3,600 ವಿಕಲೆ.) ಹವ್ಯಾಸಿಗಳೆಲ್ಲ ಬಲ್ಲ, ಹಂಸ (ಸಿಗ್ನಸ್) ಪುಂಜದ ಆಲ್ಬಿರಿಯೋ ಜೋಡಿಯ ಅಂತರವೂ ಹೆಚ್ಚುಕಡಿಮೆ ಇಷ್ಟೇ. ನವೆಂಬರ್‌ನಲ್ಲಿ ಸಂಜೆ 7 ಗಂಟೆಗೆ ಆಲ್ಬಿರಿಯೋ ಪಶ್ಚಿಮದ ಕಡೆ ಇನ್ನೂ ಎತ್ತರದಲ್ಲೇ ಇರುತ್ತದೆ. ಮೊದಲು ಅದನ್ನು 60 ರಿಂದ 100 ಪಟ್ಟು ಹಿಗ್ಗಿಸಿ ನೋಡಿ, ಅಂತರ ಎಷ್ಟಿದೆ ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ಅದೇ ಐಪೀಸಿನಲ್ಲಿ (ದೂರದರ್ಶಕದಲ್ಲಿ ಕಣ್ಣಿಡುವ ಕಡೆಯ ಮಸೂರ) ನಮ್ಮ ಜೋಡಿಗೆ ಬನ್ನಿ. 'ಬಿ'ಯು 'ಎ'ಗಿಂತ ಸುಮಾರು 15 ಪಟ್ಟು ಮಂಕಾದ್ದರಿಂದ ನೇರವಾಗಿ ದಿಟ್ಟಿಸಿದರೆ ಮಾಯವಾಗುತ್ತದೆ. ನೋಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಕಣ್ಣಂಚಿನಿಂದ ನೋಡಿ. 'ಎ'ಯಿಂದ ಪೂರ್ವಕ್ಕೆ, ತುಸು ಉತ್ತರಕ್ಕೆ ವಾಲಿದಂತೆ ಅದು ಇರಬೇಕು. ದೂರದರ್ಶಕದಲ್ಲಿ ದಿಕ್ಕು ತಿಳಿಯಲು, ನಕ್ಷತ್ರದ ಜೊತೆ ಅದನ್ನು ತಿರುಗಿಸುವ ಮೋಟಾರ್ ಇದ್ದರೆ ನಿಲ್ಲಿಸಿ. ನಕ್ಷತ್ರ ಯಾವ ಕಡೆ ಜಾರಿಹೋಗುತ್ತದೋ ಅದೇ ಪಶ್ಚಿಮ.

ಹೆಸರು ಕೆಂಪು ಕುಬ್ಜ ಎಂದು ಕಡುಗೆಂಪನ್ನು ನಿರೀಕ್ಷಿಸಬೇಡಿ. 'ಎ'ಯದ್ದು ಮಾಸಿದ ಕಿತ್ತಳೆ ಬಣ್ಣ. 26 ಆಂಡ್ರೋಮಿಡೇಯ ನೀಲಿ ಬಿಳುಪಿನ ಜೊತೆ ಒಂದಾದ ಮೇಲೊಂದು ನೋಡಿದಾಗ ಅದು ಚೆನ್ನಾಗಿ ಎದ್ದು ಕಾಣುತ್ತದೆ. 'ಬಿ'ಯಲ್ಲಿ ಬಣ್ಣ ಗುರುತಿಸುವಷ್ಟು ಬೆಳಕಿಲ್ಲ.

ನಾಲ್ಕನೇ ಹೆಜ್ಜೆ: ಓಟ ಅಳೆಯುವುದು

ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ ಇದು. ಗ್ರೂಂಬ್ರಿಡ್ಜ್ 34 ವರ್ಷಕ್ಕೆ 2.9 ವಿಕಲೆಯಂತೆ ಪೂರ್ವಕ್ಕೆ ಸರಿಯುತ್ತಿದೆ. ಹನ್ನೆರಡು ವರ್ಷದಲ್ಲಿ ತನ್ನ ಜೋಡಿಯ ನಡುವಿನ ಅಂತರದಷ್ಟೇ ದೂರ ಸಾಗುತ್ತದೆ. ಒಂದನೇ ತರಗತಿಗೆ ಸೇರಿದ ಮಗು ಪಿಯುಸಿ ಮುಗಿಸುವಷ್ಟರಲ್ಲಿ ನಕ್ಷತ್ರದ ಜಾಗ ಬದಲಾಗಿರುತ್ತದೆ.

ದೂರದರ್ಶಕ ಇಲ್ಲದವರು ಇದನ್ನು ಕಂಪ್ಯೂಟರ್ ಮುಂದೆ ಕುಳಿತೇ ನೋಡಬಹುದು. ಅಮೆರಿಕದ ಪಾಲೊಮಾರ್ ಬೆಟ್ಟದಿಂದ 1950ರ ದಶಕದಲ್ಲಿ ಒಮ್ಮೆ, 1980-90ರ ದಶಕಗಳಲ್ಲಿ ಮತ್ತೊಮ್ಮೆ ಉತ್ತರದ ಆಕಾಶವನ್ನೆಲ್ಲ ಛಾಯಾಫಲಕಗಳಲ್ಲಿ ಸೆರೆಹಿಡಿದರು. ಈ ಚಿತ್ರಗಳು 'ಡಿಜಿಟೈಸ್ಡ್ ಸ್ಕೈ ಸರ್ವೆ' ಹೆಸರಿನಲ್ಲಿ ಉಚಿತವಾಗಿ ಸಿಗುತ್ತವೆ. ನಕ್ಷತ್ರದ ಹೆಸರು ಕೊಟ್ಟು, ಮೊದಲ ಸರ್ವೆಯ ಚಿತ್ರವನ್ನೂ ಎರಡನೆಯದರ ಚಿತ್ರವನ್ನೂ ಒಂದೇ ಅಳತೆಯಲ್ಲಿ ಇಳಿಸಿಕೊಳ್ಳಿ. ಒಂದರ ಮೇಲೊಂದು ಇಟ್ಟು ಬೇಗಬೇಗ ಬದಲಿಸಿ. ಸುತ್ತಲಿನ ನಕ್ಷತ್ರಗಳೆಲ್ಲ ಇದ್ದಲ್ಲೇ ಇರುತ್ತವೆ, ಎರಡೇ ಎರಡು ಜೊತೆಜೊತೆಯಾಗಿ ಜಿಗಿಯುತ್ತವೆ. ನಡುವೆ 35 ವರ್ಷ ಕಳೆದಿದ್ದರೆ ಆ ಜಿಗಿತ ಸುಮಾರು 100 ವಿಕಲೆ. ಎರಡೂ ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ಸಾಗುವುದೇ ಅವು ಬರೀ ಅಕ್ಕಪಕ್ಕ ಕಾಣುವವಲ್ಲ, ಗುರುತ್ವದಿಂದ ನಿಜವಾಗಿ ಕಟ್ಟಿಕೊಂಡವು ಎಂಬುದಕ್ಕೆ ಸಾಕ್ಷಿ.

ಕ್ಯಾಮೆರಾ ಇದ್ದವರು ಸ್ವಂತ ದಾಖಲೆ ಶುರು ಮಾಡಲಿ. 600 ಮಿ.ಮೀ. ನಾಭಿದೂರದ ದೂರದರ್ಶಕಕ್ಕೆ 4 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾ ಜೋಡಿಸಿದರೆ ಒಂದು ಪಿಕ್ಸೆಲ್ಲಿಗೆ ಸುಮಾರು 1.4 ವಿಕಲೆ. ಅಂದರೆ ವರ್ಷಕ್ಕೆ ಎರಡು ಪಿಕ್ಸೆಲ್ ಸರಿತ. 26 ಆಂಡ್ರೋಮಿಡೇಯೂ ಚೌಕಟ್ಟಿನೊಳಗೆ ಇರಲಿ. ಪ್ರತಿ ವರ್ಷ ಅದೇ ತಿಂಗಳಲ್ಲಿ ಚಿತ್ರ ತೆಗೆಯಿರಿ. ಭೂಮಿ ಸೂರ್ಯನನ್ನು ಸುತ್ತುವುದರಿಂದ ಇಷ್ಟು ಹತ್ತಿರದ ನಕ್ಷತ್ರ ವರ್ಷದುದ್ದಕ್ಕೂ ತುಸು ತೂಗಾಡಿದಂತೆ ಕಾಣುತ್ತದೆ. ತಿಂಗಳು ಒಂದೇ ಆಗಿದ್ದರೆ ಆ ತೂಗಾಟ ಲೆಕ್ಕಕ್ಕೆ ಅಡ್ಡ ಬರುವುದಿಲ್ಲ.

ಐದನೇ ಹೆಜ್ಜೆ: ಒಂದಿಷ್ಟು ಗುಣಾಕಾರ, ಭಾಗಾಕಾರ

ಆ ತೂಗಾಟದ ಒಟ್ಟು ಅಗಲದ ಅರ್ಧವನ್ನು ಖಗೋಳಜ್ಞರು ಪ್ಯಾರಲಾಕ್ಸ್ ಎನ್ನುತ್ತಾರೆ. ಇಲ್ಲಿ ಅದು 0.28 ವಿಕಲೆ. ಒಂದನ್ನು 0.28ರಿಂದ ಭಾಗಿಸಿದರೆ 3.57 ಪಾರ್ಸೆಕ್ (ಖಗೋಳಜ್ಞರು ದೂರಕ್ಕೆ ಬಳಸುವ ಅಳತೆ, ಒಂದಕ್ಕೆ 3.26 ಜ್ಯೋತಿರ್ವರ್ಷ). ಅದನ್ನು 3.26ರಿಂದ ಗುಣಿಸಿದರೆ 11.6 ಜ್ಯೋತಿರ್ವರ್ಷ. ಜೋಡಿಯ ಅಂತರವಾದ 35 ವಿಕಲೆಯನ್ನು 3.57ರಿಂದ ಗುಣಿಸಿ: 125. ಅಂದರೆ ನಮಗೆ ಕಾಣುವ ಮಟ್ಟಿಗೆ ಎರಡು ನಕ್ಷತ್ರಗಳ ನಡುವೆ ಭೂಮಿ ಮತ್ತು ಸೂರ್ಯರ ಅಂತರದ 125 ಪಟ್ಟು ಜಾಗ ಇದೆ. ಸೂರ್ಯನಿಂದ ನೆಪ್ಚೂನ್ 30 ಪಟ್ಟು ದೂರ. ಹೀಗಾಗಿ ಇವು ಒಂದನ್ನೊಂದು ಒಮ್ಮೆ ಸುತ್ತಿಬರಲು ಸಾವಿರಕ್ಕೂ ಹೆಚ್ಚು ವರ್ಷ ಬೇಕು. ಇನ್ನು ವೇಗ: ವರ್ಷದ ಸರಿತ 2.9, ದೂರ 3.57 ಮತ್ತು ಉತ್ತರವನ್ನು ಸೆಕೆಂಡಿಗೆ ಕಿ.ಮೀ.ಗೆ ಬದಲಿಸುವ 4.74 ಮೂರನ್ನೂ ಗುಣಿಸಿದರೆ, ನಮ್ಮ ನೋಟಕ್ಕೆ ಅಡ್ಡಲಾಗಿ ಸೆಕೆಂಡಿಗೆ ಸುಮಾರು 49 ಕಿ.ಮೀ.

'ಎ'ಯ ಸುತ್ತ 11 ದಿನಕ್ಕೊಮ್ಮೆ ಸುತ್ತುವ ಗ್ರಹವೊಂದಿದೆ ಎಂದು 2014ರಲ್ಲಿ ಆಂಡ್ರ್ಯೂ ಹೋವರ್ಡ್ ಮತ್ತು ಸಂಗಡಿಗರು ಪ್ರಕಟಿಸಿದರು. 2018ರಲ್ಲಿ ಒಂದು ತಂಡ ಅದನ್ನು ಅನುಮಾನಿಸಿತು, ಇನ್ನೊಂದು ತಂಡ ಇದೆ ಎಂದಿತು. ಜೊತೆಗೆ ದೂರದಲ್ಲಿ ಎರಡನೇ ಗ್ರಹದ ಸುಳಿವನ್ನೂ ಕೊಟ್ಟಿತು. ನಮ್ಮ ಸಲಕರಣೆಗಳಿಗೆ ಅವು ನಿಲುಕುವುದಿಲ್ಲ, ಆದರೆ ಐಪೀಸಿಗೆ ಕಣ್ಣಿಟ್ಟಾಗ ಈ ವಿಷಯ ಗೊತ್ತಿದ್ದರೆ ನೋಟಕ್ಕೆ ಇನ್ನೊಂದು ಆಸೆ ಸೇರುತ್ತದೆ.

ಇದು ಕೈಗೂಡಿದ ಮೇಲೆ ಸ್ಟ್ರೂವ 2398 ಹುಡುಕಿ. ಡ್ರೇಕೋ ಪುಂಜದಲ್ಲಿ, 11.5 ಜ್ಯೋತಿರ್ವರ್ಷ ದೂರದಲ್ಲಿರುವ ಇನ್ನೊಂದು ಕೆಂಪು ಜೋಡಿ ಅದು. ಎರಡು ನಕ್ಷತ್ರಗಳ ಕಾಂತಿಮಾನ 9ರ ಆಸುಪಾಸಿನಲ್ಲೇ ಇರುವುದರಿಂದ ಮಂಕು ಸಂಗಾತಿಯ ತೊಂದರೆ ಇಲ್ಲ, ಆದರೆ ಅಂತರ ಇದಕ್ಕಿಂತ ತುಂಬಾ ಕಡಿಮೆ. ಮೇ ತಿಂಗಳಲ್ಲಿ ಮಳೆಗೆ ಮುಂಚೆ ನಡುರಾತ್ರಿಯ ನಂತರ, ಇಲ್ಲವೇ ಅಕ್ಟೋಬರ್‌ನಲ್ಲಿ ಕತ್ತಲಾದ ಕೂಡಲೇ ಉತ್ತರದ ಕಡೆ ನೋಡಿ.