ಹಯಸಿಂತ್ ಗಡ್ಡೆಗೆ ಮೊದಲು ಚಳಿ, ಆಮೇಲೆ ಬೆಳಕು

ಗಡ್ಡೆಯಿಂದ ಬೆಳೆಯುವ ಘಮಘಮಿಸುವ ಹೂಗಿಡ ಹಯಸಿಂತ್ ಬೆಳೆಸುವ ಆಸೆ ಇದ್ದರೆ ಅವಸರ ಮಾತ್ರ ಬೇಡ. ಮೊಗ್ಗು ಗಡ್ಡೆಯೊಳಗೆ ಆಗಲೇ ಕೂತಿರುತ್ತದೆ. ಅದು ಮೇಲೆದ್ದು ಬರಬೇಕಾದರೆ 10ರಿಂದ 14 ವಾರ ಚೆನ್ನಾಗಿ ಚಳಿ ತಿನ್ನಬೇಕು. 5ರಿಂದ 9 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ಹೊರಗೆ ಅಷ್ಟು ಚಳಿ ಇಲ್ಲದಿದ್ದರೆ ಗಡ್ಡೆಯನ್ನು ಕಾಗದದ ಚೀಲಕ್ಕೆ ಹಾಕಿ ಫ್ರಿಜ್ಜಿನಲ್ಲಿಡಿ. ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇರಬಾರದು. ಹಣ್ಣಾಗುವಾಗ ಬರುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಸತ್ತೇ ಹೋಗುತ್ತದೆ. ಈ ಒಂದು ಕಾರಣಕ್ಕೆ ಎಷ್ಟೋ ಗಡ್ಡೆ ಬರೀ ಎಲೆ ಬಿಟ್ಟು ನಿಲ್ಲುತ್ತವೆ, ಪಾಪ.

ನೀರಿನಲ್ಲಿ ಬೆಳೆಸುವವರು ಕತ್ತು ಕಿರಿದಾದ ಗಾಜಿನ ಪಾತ್ರೆ ಆರಿಸಿಕೊಳ್ಳಿ. ನೀರು ಗಡ್ಡೆಯ ಬುಡಕ್ಕೆ ತಾಗಬಾರದು, ಸ್ವಲ್ಪ ಕೆಳಗೇ ಇರಲಿ. ತಾಗಿದರೆ ಕೊಳೆಯುತ್ತದೆ. ಬೇರು ತಾನೇ ನೀರನ್ನು ಹುಡುಕಿಕೊಂಡು ಇಳಿಯುತ್ತದೆ. ಮೊಳಕೆ 4-5 ಸೆಂಟಿಮೀಟರ್ ಆಗುವವರೆಗೂ ತಂಪಾದ ಕತ್ತಲೆಯಲ್ಲಿಡಿ. ಆಮೇಲೆ ಮೆಲ್ಲಗೆ ಬೆಳಕಿಗೆ ತನ್ನಿ, ಒಮ್ಮೆಲೇ ಬಿಸಿಲಿಗೆ ಬೇಡ. ದಿನಾ ಪಾತ್ರೆ ಸ್ವಲ್ಪ ತಿರುಗಿಸಿದರೆ ದಂಟು ನೆಟ್ಟಗೆ ಬರುತ್ತದೆ. ಹೂಗೊಂಚಲು ಎಲೆಗಳ ನಡುವೆಯೇ ಸಿಕ್ಕಿಕೊಂಡರೆ ಕಾಗದದ ಕೊಳವೆ ಮಾಡಿ ಕೆಲವು ದಿನ ಮೇಲೆ ಮುಚ್ಚಿಡಿ. ಬೆಳಕು ಹುಡುಕುತ್ತಾ ದಂಟು ಉದ್ದವಾಗುತ್ತದೆ.

ಗಡ್ಡೆ ಮುಟ್ಟುವಾಗ ಕೈಗೆ ಗ್ಲೌಸ್ ಇರಲಿ, ಸಿಪ್ಪೆ ತಾಗಿದರೆ ವಿಪರೀತ ತುರಿಕೆ. ನಾಯಿ, ಬೆಕ್ಕು ಇರುವ ಮನೆಯಲ್ಲಿ ಅವಕ್ಕೆ ಸಿಗದಂತೆ ಇಡಿ. ತಿಂದರೆ ವಿಷ.

ಅರಳಿದ ಮೇಲೆ ತಂಪಾದ ಜಾಗದಲ್ಲಿಟ್ಟರೆ ಹೂ ಹೆಚ್ಚು ದಿನ ಬಾಳುತ್ತದೆ. ಘಮ ಬಲು ಜೋರು. ಮಲಗುವ ಕೋಣೆಯಲ್ಲಿಟ್ಟರೆ ಕೆಲವರಿಗೆ ತಲೆನೋವು ಬರುತ್ತದೆ, ಹಾಗಾಗಿ ಗಾಳಿಯಾಡುವ ಹಜಾರವೇ ಒಳ್ಳೆಯದು.

ತೋಟದಲ್ಲಾದರೆ ಚಳಿಗಾಲಕ್ಕೆ ಮುಂಚೆ, ನೀರು ನಿಲ್ಲದ ಮಣ್ಣಿನಲ್ಲಿ 10ರಿಂದ 15 ಸೆಂಟಿಮೀಟರ್ ಆಳಕ್ಕೆ, ಚೂಪಾದ ತುದಿ ಮೇಲಿರುವಂತೆ ನೆಡಿ. ಹೂ ಬಾಡಿದ ಮೇಲೆ ದಂಟು ಮಾತ್ರ ಕತ್ತರಿಸಿ. ಎಲೆ ತಾನಾಗಿ ಹಳದಿಯಾಗುವವರೆಗೂ ಮುಟ್ಟಬೇಡಿ, ಮುಂದಿನ ಹೂವಿಗೆ ಬೇಕಾದ ಶಕ್ತಿ ಕೂಡುವುದು ಅದರಿಂದಲೇ ಅಲ್ವಾ? ಮರುವರ್ಷ ಗೊಂಚಲು ಅಷ್ಟು ಒತ್ತಾಗಿರುವುದಿಲ್ಲ, ಹೂ ಬಿಡಿಬಿಡಿಯಾಗಿ ಬರುತ್ತದೆ. ನನಗೆ ಅದೇ ಜಾಸ್ತಿ ಇಷ್ಟ, ದಂಟಿಗೂ ಭಾರವಾಗುವುದಿಲ್ಲ.