ಗಣಿಯ ಹಾದಿಯಲ್ಲಿ ಎರಡು ದಿನ ಸೈಕಲ್: ನನ್ನ ಅನುಭವ

ಪೋರ್ಟ್‌ರೀತ್ ಕಡಲತೀರ ಬಿಟ್ಟು ಅರ್ಧ ಗಂಟೆ ಆಗಿತ್ತು. ಹಿಂದಿನಿಂದ ಗೆಳೆಯ ಕೂಗಿದ. "ಲೋ, ಇದೇನೋ ನಿನ್ನ ಮೌಂಟನ್ ಬೈಕಿಂಗು? ಈ ದಾರೀಲಿ ನಮ್ಮಜ್ಜಿನೂ ಸೈಕಲ್ ಹೊಡೀತಾಳೆ."

ಅವನ ಮಾತಲ್ಲಿ ತಪ್ಪೇನಿರಲಿಲ್ಲ. ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ಹಳೆಯ ತವರ, ತಾಮ್ರದ ಗಣಿಗಳ ನಡುವೆ ಹಾದುಹೋಗುವ ಸೈಕಲ್ ದಾರಿಗಳಿವೆ ಅಂತ ಅವನನ್ನು ಹೊರಡಿಸಿದ್ದು ನಾನೇ. ಗುಡ್ಡ, ಕಲ್ಲು, ಜಂಪು ಅಂತ ಆಸೆ ಹುಟ್ಟಿಸಿದ್ದೂ ನಾನೇ. ಇಲ್ಲಿ ನೋಡಿದರೆ ಹದವಾದ ಏರು, ಎರಡು ಸೈಕಲ್ ಅಕ್ಕಪಕ್ಕ ಹೋಗುವಷ್ಟು ಅಗಲ, ನಡುನಡುವೆ ಡಾಂಬರು ರಸ್ತೆ.

ಏರು ಅಷ್ಟು ಮೆತ್ತಗಿರುವುದಕ್ಕೆ ಕುದುರೆಗಳು ಕಾರಣ. 1809ರಲ್ಲಿ ಇಲ್ಲಿ ಕುದುರೆ ಎಳೆಯುವ ಬಂಡಿಗಳಿಗೆ ಕಬ್ಬಿಣದ ಹಳಿ ಹಾಕಲು ಶುರು ಮಾಡಿದರು. ಒಳನಾಡಿನ ಗಣಿಗಳಿಂದ ತಾಮ್ರದ ಅದಿರು ಪೋರ್ಟ್‌ರೀತ್ ಬಂದರಿಗೆ ಇಳಿಯಬೇಕು, ಅಲ್ಲಿಂದ ಹಡಗಿನಲ್ಲಿ ವೇಲ್ಸ್‌ನ ಸ್ವಾನ್‌ಸೀಗೆ ಹೋಗಬೇಕು. ಒಂದು ಟನ್ ಅದಿರು ಕರಗಿಸಲು ಅದಕ್ಕಿಂತ ಹೆಚ್ಚು ಕಲ್ಲಿದ್ದಲು ಬೇಕಿತ್ತು. ಕಾರ್ನ್‌ವಾಲ್‌ನಲ್ಲಿ ಕಲ್ಲಿದ್ದಲು ಇಲ್ಲ. ಹಾಗಾಗಿ ಅದಿರೇ ಕಲ್ಲಿದ್ದಲು ಇರುವ ಕಡೆ ಪ್ರಯಾಣ ಮಾಡಿತು. ವಾಪಸ್ ಬರುವ ಹಡಗು ಗಣಿಯ ಯಂತ್ರಗಳಿಗೆ ಕಲ್ಲಿದ್ದಲು ತರುತ್ತಿತ್ತು. ಕುದುರೆ ಅದನ್ನು ಇದೇ ದಾರಿಯಲ್ಲಿ ಮೇಲಕ್ಕೆ ಎಳೆಯಬೇಕು. ತುಂಬಿದ ಬಂಡಿ ಎಳೆಯುವ ಕುದುರೆಗೆ ಕಡಿದಾದ ಏರು ಕೊಟ್ಟರೆ ಆಗುತ್ತಾ? ಅದಕ್ಕೇ ದಾರಿಯನ್ನು ಗುಡ್ಡದ ಸೊಂಟ ಸುತ್ತಿಸಿ ಒಯ್ದಿದ್ದಾರೆ.

ಇದು ಗೊತ್ತಾದ ಮೇಲೆ ನನ್ನ ಸವಾರಿಯೇ ಬದಲಾಯಿತು. ಪದೇ ಪದೇ ಗೇರ್ ಬದಲಿಸುವುದು ಬಿಟ್ಟೆ. ಮಧ್ಯದ ಒಂದು ಗೇರ್ ಹಿಡಿದು ಒಂದೇ ಲಯದಲ್ಲಿ ತುಳಿದರೆ ಸಾಕು, ಮುಂದಿನ ತಿರುವಿನ ಆಚೆ ಯಾವ ಹಠಾತ್ ಏರೂ ಕಾದಿಲ್ಲ. ಹಠಾತ್ತನೆ ಏರು ಬಂತು ಅಂದರೆ ಹಳೆಯ ಹಳಿದಾರಿ ಬಿಟ್ಟು ಎಲ್ಲೋ ಅಡ್ಡದಾರಿ ಹಿಡಿದಿದ್ದೇವೆ ಅಂತ ಅರ್ಥ. ಎರಡು ಸಲ ದಾರಿ ತಪ್ಪಿದಾಗಲೂ ಫೋನ್ ನೋಡುವ ಮೊದಲು ನನ್ನ ತೊಡೆಗಳೇ ಅದನ್ನು ಹೇಳಿದವು.

ಪೋರ್ಟ್‌ರೀತ್‌ನಿಂದ ದಕ್ಷಿಣದ ಡೆವೊರನ್‌ವರೆಗೆ ಈ ಕರಾವಳಿಯಿಂದ ಆ ಕರಾವಳಿಗೆ ಒಟ್ಟು 11 ಮೈಲಿ, ಅಂದರೆ ಸುಮಾರು 18 ಕಿಲೋಮೀಟರ್. ಉತ್ತರದ ಅರ್ಧ ನಾನು ಮೇಲೆ ಹೇಳಿದ ಕುದುರೆ ಹಳಿ. ದಕ್ಷಿಣದ ಕಡೆ ಸಿಗುವುದು 1820ರ ದಶಕದ ಇನ್ನೊಂದು ಹಳಿ, ರೆಡ್‌ರೂತ್ ಮತ್ತು ಚೇಸ್‌ವಾಟರ್ ರೈಲ್ವೆ. ಅದು 1915ರಲ್ಲಿ ಮುಚ್ಚಿತು. ಆ ರೈಲ್ವೆಯನ್ನು ಮುಂದೆ ನಿಂತು ಕಟ್ಟಿಸಿದವನ ಹೆಸರು ಓದಿ ನಾನು ಸೈಕಲ್ ನಿಲ್ಲಿಸಿಬಿಟ್ಟೆ: ಜಾನ್ ಟೇಲರ್. 1880ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ನಡೆಸಲು ಬಂದ 'ಜಾನ್ ಟೇಲರ್ ಅಂಡ್ ಸನ್ಸ್' ಇದೇ ಮನೆತನದ ಕಂಪನಿ. ಕಾರ್ನ್‌ವಾಲ್‌ನ ಗಣಿ ಕೆಲಸಗಾರರು ಕೆಜಿಎಫ್‌ಗೂ ಬಂದು ದುಡಿದರು. ಎಲ್ಲಿಂದ ಎಲ್ಲಿಗೆ ಅಲ್ವಾ?

ದಾರಿಯ ಅಂಚಿನಲ್ಲಿ ಅಲ್ಲಲ್ಲಿ ತೂತು ಕೊರೆದ ಗ್ರಾನೈಟ್ ಕಲ್ಲುಗಳು ಸಿಗುತ್ತವೆ. ಆಗ ಮರದ ಸ್ಲೀಪರ್ ಬದಲು ಕಲ್ಲಿನ ತುಂಡು ಹಾಕಿ ಅದಕ್ಕೆ ಹಳಿ ಬಿಗಿಯುತ್ತಿದ್ದರು. ಕುದುರೆ ನಡುವೆ ನಡೆಯಬೇಕಲ್ಲ, ಅಡ್ಡಕ್ಕೆ ಮರ ಇದ್ದರೆ ಎಡವುತ್ತದೆ. ಮಳೆಯಲ್ಲಿ ಈ ಕಲ್ಲುಗಳು ಸೋಪಿನಂತೆ ಜಾರುತ್ತವೆ. ಅವುಗಳ ಮೇಲೆ ಬ್ರೇಕ್ ಹಿಡಿಯಲೂಬಾರದು, ಹ್ಯಾಂಡಲ್ ತಿರುಗಿಸಲೂಬಾರದು. ಕಲ್ಲಿಗೆ ಬರುವ ಮುಂಚೆಯೇ ವೇಗ ಇಳಿಸಿ, ನೆಟ್ಟಗೆ ದಾಟಬೇಕು.

ಪೊಲ್ಡೈಸ್ ಕಣಿವೆಗೆ ಬಂದಾಗ ಗೆಳೆಯನ ಮುಖ ಅರಳಿತು. ಹಸಿರು ತಟ್ಟನೆ ನಿಂತುಹೋಗುತ್ತದೆ. ಕಾವಿ, ಕೆಂಪು, ಬೂದು ಬಣ್ಣದ ಬೋಳು ದಿಬ್ಬಗಳು, ಮುರಿದ ಗೋಡೆಗಳು. ಕೆಜಿಎಫ್‌ನ ಸೈನೈಡ್ ದಿಬ್ಬ ನೋಡಿದವರಿಗೆ ಈ ನೋಟ ಹೊಸದಲ್ಲ. ಅದಿರನ್ನು ಕುಟ್ಟಿ, ಅರೆದು, ಲೋಹ ತೆಗೆದ ಮೇಲೆ ಉಳಿದ ಹುಡಿ ಇದು. ಸವಾರರು ಅದರಲ್ಲೇ ಜಂಪುಗಳನ್ನು ಕಟ್ಟಿಕೊಂಡಿದ್ದಾರೆ. ನಾನು ಅವುಗಳ ಹತ್ತಿರ ಹೋಗಲಿಲ್ಲ. ಪಕ್ಕದಲ್ಲೊಂದು ಸಾಧಾರಣ ದಿಬ್ಬ ಕಂಡಿತು, ಇದಾದರೆ ಸುಲಭ ಅಂತ ದಾರಿ ಬಿಟ್ಟು ಅದರ ಮೇಲಿಂದ ಇಳಿದೆ.

ಬಿದ್ದೆ. ಹಿಂದಿನ ದಿನ ಮಳೆ ಬಂದು ದಿಬ್ಬದ ಮೇಲ್ಪದರ ಒಣಗಿ ಹಪ್ಪಳದಂತೆ ಗಟ್ಟಿಯಾಗಿತ್ತು. ಹಪ್ಪಳದ ಕೆಳಗೆ ಬರೀ ಹುಡಿ. ಮುಂದಿನ ಚಕ್ರ ಪದರ ಒಡೆದು ಹೂತಿತು, ಗಾಬರಿಯಲ್ಲಿ ನಾನು ಮುಂದಿನ ಬ್ರೇಕನ್ನೇ ಹಿಡಿದೆ. ಉಳಿದದ್ದು ಹೇಳಬೇಕಿಲ್ಲ. ಇಂಥ ಕಡೆ ಮಾಡಬೇಕಾದ್ದು ಅದರ ತಿರುಗುಮುರುಗು. ಸೊಂಟ ಹಿಂದಕ್ಕೆ ಸರಿಸಿ ಮುಂದಿನ ಚಕ್ರದ ಭಾರ ಇಳಿಸಬೇಕು. ಮುಂದಿನ ಬ್ರೇಕ್ ಮುಟ್ಟಬಾರದು. ಹ್ಯಾಂಡಲ್ ಸ್ವಲ್ಪ ಅಲ್ಲಾಡಿದರೆ ಅಲ್ಲಾಡಲಿ ಅಂತ ಸಡಿಲ ಬಿಡಬೇಕು. ಆಮೇಲೆ ಮೂರು ಸಲ ಚಿಕ್ಕ ಇಳಿಜಾರಿನಲ್ಲಿ ಅದನ್ನೇ ಅಭ್ಯಾಸ ಮಾಡಿದೆ, ಮೂರನೆಯದು ಸರಿಯಾಯಿತು.

ಮಂಡಿ ತರಚಿತ್ತು. ಬೇರೆ ಕಡೆಯಾದರೆ ಸುಮ್ನೆ ಒರೆಸಿಕೊಂಡು ಹೋಗುತ್ತಿದ್ದೆ. ಇಲ್ಲಿ ಹಾಗೆ ಮಾಡುವಂತಿಲ್ಲ. ಇಲ್ಲಿನ ಅದಿರಿನಲ್ಲಿ ಆರ್ಸೆನಿಕ್, ಅಂದರೆ ಪಾಷಾಣ, ಬೆರೆತಿರುತ್ತಿತ್ತು. ಅದಿರನ್ನು ಕುಲುಮೆಯಲ್ಲಿ ಹುರಿದು, ಹೊಗೆಯನ್ನು ಉದ್ದನೆಯ ಸುರಂಗಗಳಲ್ಲಿ ಅಂಕುಡೊಂಕಾಗಿ ಹರಿಸಿ ತಣಿಸುತ್ತಿದ್ದರು. ಗೋಡೆಗೆ ಬಿಳಿ ಪುಡಿ ಕಟ್ಟುತ್ತಿತ್ತು. ಕೆಲಸಗಾರರು ಮುಖಕ್ಕೆ ಜೇಡಿಮಣ್ಣು ಬಳಿದುಕೊಂಡು, ಮೂಗಿಗೆ ಹತ್ತಿ ತುರುಕಿಕೊಂಡು ಒಳಗೆ ಹೋಗಿ ಅದನ್ನು ಕೆರೆಯುತ್ತಿದ್ದರು. ಆ ಪುಡಿ ಅಮೆರಿಕದ ಹತ್ತಿ ಹೊಲಗಳಿಗೆ ಕೀಟನಾಶಕವಾಗಿ ಹೋಯಿತು. ನಾವು ನೋಡಿದ ಮುರುಕು ಗೋಡೆಗಳಲ್ಲಿ ಕೆಲವು ಅಂಥದ್ದೇ ಕಾರ್ಖಾನೆಯವು.

ಆದ್ದರಿಂದ ಕುಡಿಯುವ ನೀರಿನಲ್ಲೇ ಗಾಯ ತೊಳೆದು ಪಟ್ಟಿ ಕಟ್ಟಿದೆ. ಆಗಲೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ನನ್ನ ಬಾಟಲಿಯ ಬಾಯಿಗೆ ಕೆಂಪು ಕೆಸರು ಸಿಡಿದು ಮೆತ್ತಿಕೊಂಡಿದೆ. ಬೆಳಿಗ್ಗೆಯಿಂದ ಅದನ್ನೇ ಚೀಪುತ್ತಿದ್ದೆ! ಬಾಟಲಿ ಚಕ್ರದ ಎದುರಿಗೇ ಇರುತ್ತದಲ್ಲ, ಕೆಸರೆಲ್ಲ ನೇರ ಅದಕ್ಕೇ. ಅವತ್ತಿನಿಂದ ಗಣಿ ಪ್ರದೇಶದಲ್ಲಿ ಬೆನ್ನಿಗೆ ಹಾಕುವ ನೀರಿನ ಚೀಲ ಒಯ್ಯುತ್ತೇನೆ, ಇಲ್ಲವೇ ಬಾಟಲಿಗೆ ಮುಚ್ಚಳ ಹಾಕುತ್ತೇನೆ. ತಿನ್ನುವ ಮುಂಚೆ ಕೈ ತೊಳೆಯುತ್ತೇನೆ. ಅಲ್ಲಿನ ಹಳ್ಳದ ನೀರಿನಲ್ಲಿ ಅಂತೂ ಅಲ್ಲ.

ಹಳ್ಳದ ನೀರು ಯಾಕೆ ಬೇಡ ಅನ್ನುವುದು ಬಿಸೋ ಅನ್ನುವ ಊರಿನ ಕಡೆ ಇಳಿಯುವಾಗ ತಾನೇ ತಿಳಿಯುತ್ತದೆ. 1748ರಲ್ಲಿ ಶುರು ಮಾಡಿದ ಒಂದು ಸುರಂಗ ಜಾಲ ಹತ್ತಾರು ಗಣಿಗಳ ನೀರನ್ನು ಇವತ್ತಿಗೂ ಈ ಕಣಿವೆಗೆ ಬಿಡುತ್ತದೆ. ಬೆಳೆಯುತ್ತಾ ಬೆಳೆಯುತ್ತಾ ಅದರ ಉದ್ದ 60 ಕಿಲೋಮೀಟರ್ ದಾಟಿತು. ಹತ್ತಿರದ ವೀಲ್ ಜೇನ್ ಗಣಿ 1991ರಲ್ಲಿ ಮುಚ್ಚಿದ ಮೇಲೆ ಪಂಪು ನಿಂತು ಒಳಗೆ ನೀರು ತುಂಬಿತು. 1992ರ ಜನವರಿಯಲ್ಲಿ ಅದು ಒಡೆದು ಹೊರಬಂದು ಕಾರ್ನನ್ ನದಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅಂದಹಾಗೆ 'ವೀಲ್' ಅಂದರೆ ಕಾರ್ನಿಶ್ ಭಾಷೆಯಲ್ಲಿ ಗಣಿ, ಚಕ್ರ ಅಲ್ಲ. ಅದಕ್ಕೂ ಸೈಕಲ್‌ಗೂ ಸಂಬಂಧ ಇಲ್ಲ.

ಡೆವೊರನ್ ಒಂದು ಕಾಲದಲ್ಲಿ ಬಂದರು. ಗಣಿಯ ಹೂಳು ತುಂಬಿ ಹಡಗು ಬರುವುದು ನಿಂತಿತು. ನಾವು ಹೋದಾಗ ಬರೀ ಕೆಸರು ಬಯಲು, ಒಂದಷ್ಟು ಹಕ್ಕಿ.

ಎರಡನೆಯ ದಿನ ಗ್ರೇಟ್ ಫ್ಲ್ಯಾಟ್ ಲೋಡ್ ಜಾಡು. ಕಾರ್ನ್ ಬ್ರೇ ಗುಡ್ಡದ ಸುತ್ತ ಸುಮಾರು 12 ಕಿಲೋಮೀಟರ್. 'ಲೋಡ್' ಅಂದರೆ ಅದಿರಿನ ಎಳೆ. ಕಾರ್ನ್‌ವಾಲ್‌ನಲ್ಲಿ ಸಾಮಾನ್ಯವಾಗಿ ಈ ಎಳೆಗಳು ನೆಲದೊಳಗೆ ಹೆಚ್ಚುಕಮ್ಮಿ ನೆಟ್ಟಗೆ ಇಳಿಯುತ್ತವೆ. ಇದು ಮಾತ್ರ ನೆಲಮಟ್ಟದಿಂದ ಸುಮಾರು 30 ಡಿಗ್ರಿಯಷ್ಟೇ ಕೆಳಕ್ಕೆ ವಾಲಿದೆ, ಅದಕ್ಕೇ ಚಪ್ಪಟೆ ಅಂತ ಹೆಸರು. ಹೆಸರು ನಂಬಿ ಗೆಳೆಯ ಇವತ್ತೂ ಅಜ್ಜಿ ದಾರಿ ಅಂದುಕೊಂಡಿದ್ದ. ನಾವು ಆರಿಸಿಕೊಂಡ ಒಂದು ಕಲ್ಲಿನ ಕವಲು ಇಳಿಜಾರಿನಲ್ಲಿ ಅವನು ಸೈಕಲ್ ಇಳಿದು ನಡೆಯತೊಡಗಿದ. "ಅಜ್ಜಿನ ಕರೀಲೇನೋ?" ಅಂದೆ. ಉತ್ತರ ಬರೆಯುವಂಥದ್ದಲ್ಲ.

ಇಲ್ಲಿನ ಕಲ್ಲುಗಳು ಒಡೆದ ಕಲ್ಲುಗಳು, ಅಂಚು ಚೂಪು. ಮೊದಲ ದಿನ 30 ಪಿಎಸ್‌ಐ ಗಾಳಿ ಇಟ್ಟಿದ್ದೆ, ಚಕ್ರ ಪುಟಿಯುತ್ತಿತ್ತು. ಎರಡನೆಯ ದಿನ ಟ್ಯೂಬ್‌ಲೆಸ್ ಟಯರಿಗೆ 24ಕ್ಕೆ ಇಳಿಸಿದ ಮೇಲೆ ನೆಲ ಹಿಡಿಯತೊಡಗಿತು. ಗೆಳೆಯನದು ಟ್ಯೂಬ್ ಇರುವ ಟಯರು. ಅವನಿಗೆ ಎರಡು ಪಂಕ್ಚರ್, ಎರಡೂ ಕಲ್ಲಿನಿಂದ ಅಲ್ಲ, ಹಳದಿ ಹೂವಿನ ಗಾರ್ಸ್ ಪೊದೆಯ ಮುಳ್ಳಿನಿಂದ. ಬೇರೇನೂ ಬೆಳೆಯದ ಗಣಿ ಮಣ್ಣಿನಲ್ಲೂ ಅದು ಬೆಳೆಯುತ್ತದೆ.

ಈ ಜಾಡಿನ ತುಂಬ ಇಂಜಿನ್ ಮನೆಗಳ ಅವಶೇಷ. ಕೆಳಗೆ ಗ್ರಾನೈಟ್, ತುದಿಗೆ ಇಟ್ಟಿಗೆಯ ಚಿಮಣಿ. ಫೋಟೋ ತೆಗೆಯಲು ಎಲ್ಲರೂ ಅವುಗಳ ಸುತ್ತ ಸುತ್ತುತ್ತಾರೆ. ಗಣಿಯಿಂದ ನೀರೆತ್ತುವ ಇಂಜಿನ್ ಮನೆಯಲ್ಲಿ ಒಂದು ಗೋಡೆ ಉಳಿದವುಗಳಿಗಿಂತ ದಪ್ಪ. ದೊಡ್ಡ ತೊಲೆ ಆ ಗೋಡೆಯ ಮೇಲೆ ಕೂತು ಏತದಂತೆ ತೂಗುತ್ತಿತ್ತು. ತೊಲೆಯ ಹೊರತುದಿ ಎಲ್ಲಿ ಇಳಿಯುತ್ತಿತ್ತೋ ಅಲ್ಲೇ ಗಣಿಯ ಬಾವಿ. ಅಂದರೆ ದಪ್ಪ ಗೋಡೆಯ ಮುಂದೆಯೇ ಬಾವಿ ಇರುತ್ತದೆ. ಬಹಳಷ್ಟಕ್ಕೆ ಸುತ್ತ ಗೋಡೆ ಕಟ್ಟಿದ್ದಾರೆ, ಕೆಲವಕ್ಕೆ ಬಾವಲಿಗಳು ಓಡಾಡಲಿ ಅಂತ ಕಬ್ಬಿಣದ ಜಾಲರಿ. ಆದರೂ ನಾನು ಸೈಕಲ್ ಒರಗಿಸುವುದು ಇಂಜಿನ್ ಮನೆಯ ಹಿಂಬದಿಗೆ ಮಾತ್ರ.

ಸಂಜೆ ಸೈಕಲ್ ತೊಳೆದೆವು. ಪೈಪಿನ ನೀರು ಚೇನಿನಿಂದ ಕೆಂಪಗೆ ಇಳಿಯುತ್ತಲೇ ಇತ್ತು. ಹೊರಡುವ ಮುಂಚೆ ಹೊಸದಾಗಿ ಹಾಕಿದ್ದ ಬ್ರೇಕ್ ಪ್ಯಾಡ್ ತೆಗೆದು ನೋಡಿದರೆ ಅರ್ಧ ಸವೆದಿತ್ತು. ಆ ಹುಡಿಯಲ್ಲಿರುವ ಬೆಣಚುಕಲ್ಲಿನ ಕೆಲಸ. ಗೆಳೆಯನ ಪ್ಯಾಡ್ ಮಾತ್ರ ಹೊಸದರಂತೆಯೇ ಇತ್ತು, ಇಳಿಜಾರಿನಲ್ಲೆಲ್ಲ ನಡೆದವನಲ್ಲವೇ.