ಡೈನಮೋ ಪದೇ ಪದೇ ಸುಟ್ಟಾಗ ನಾನು ಹುಡುಕಿದ್ದು ಎಲ್ಲೆಲ್ಲಿ

ಕಾರಿನ ಆಲ್ಟರ್ನೇಟರ್, ಅಂದರೆ ಎಂಜಿನ್ ಬಲದಿಂದ ತಿರುಗಿ ಕರೆಂಟ್ ಹುಟ್ಟಿಸುವ ಭಾಗ (ಗ್ಯಾರೇಜಿನವರ ಬಾಯಲ್ಲಿ ಡೈನಮೋ), ಒಮ್ಮೆ ಕೆಟ್ಟರೆ ಅದರ ಆಯುಸ್ಸು ಮುಗಿಯಿತು ಎನ್ನಬಹುದು. ರಿಪೇರಿ ಮಾಡಿಸಿದ್ದು ಮತ್ತೆ ಕೆಟ್ಟು, ಅದರ ಜಾಗಕ್ಕೆ ಬಂದ ಇನ್ನೊಂದೂ ಒಂದು ಮಳೆಗಾಲ ದಾಟದಿದ್ದರೆ ದೋಷ ಅದರ ಹೊರಗಿದೆ ಎಂದೇ ನಾನು ಲೆಕ್ಕ ಹಾಕುತ್ತೇನೆ.

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಕಡಲ ಗಾಳಿಗೆ ತಡೆಯಿಲ್ಲ. ಕಿಟಕಿಯ ಸರಳಿನಿಂದ ಹಿಡಿದು ಗೇಟಿನ ಚಿಲಕದವರೆಗೆ ಎಲ್ಲಕ್ಕೂ ತುಕ್ಕು. ಕೆಲಸಕ್ಕಾಗಿ ಆಗಾಗ ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಬೇಕು. ಮಳೆಯಲ್ಲಿ ಘಟ್ಟದ ತಿರುವುಗಳಲ್ಲಿ ಲಾರಿಗಳ ಹಿಂದೆ ತೆವಳುವಾಗ ಹೆಡ್‌ಲೈಟ್, ವೈಪರ್, ಎಸಿ ಎಲ್ಲವೂ ಓಡುತ್ತಿರುತ್ತವೆ, ಎಂಜಿನ್ ಮಾತ್ರ ನಿಧಾನ. ಆಲ್ಟರ್ನೇಟರ್ ನಿಧಾನವಾಗಿ ತಿರುಗಿದಷ್ಟೂ ಕೊಡುವ ಕರೆಂಟ್ ಕಡಿಮೆ. ಹೊರೆ ಮಾತ್ರ ಪೂರ್ತಿ. ನನ್ನದು ಕೈಕೊಡುತ್ತಿದ್ದದ್ದು ಹೆಚ್ಚಾಗಿ ಇಂಥ ಪ್ರಯಾಣದ ಬೆನ್ನಿಗೇ.

ಗ್ಯಾರೇಜಿನಲ್ಲಿ ಪ್ರತಿ ಸಲವೂ ಒಂದೇ ತೀರ್ಪು: "ಡೈನಮೋ ಹೋಗಿದೆ ಮಾರಾಯರೇ, ಬದಲಾಯಿಸಿಬಿಡಿ." ಬದಲಾಯಿಸಿದೆ, ಆದರೆ ಹಳೆಯದನ್ನು ಅಲ್ಲಿ ಬಿಡದೆ ಮನೆಗೆ ತಂದು ಬಿಚ್ಚಿ ನೋಡಿದೆ. ಬಿಚ್ಚಿ ನೋಡುವವರಿಗೆ ಆ ಭಾಗವೇ ಅರ್ಧ ಉತ್ತರ ಹೇಳುತ್ತದೆ. ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಇಂಗಾಲದ ತುಂಡು, ಅಂದರೆ ಬ್ರಷ್, ಸವೆದಿದ್ದರೆ ಅದು ವಯಸ್ಸು. ಬೇರಿಂಗ್ ಗರಗರ ಎಂದರೆ ಬೆಲ್ಟ್ ಅತಿಯಾಗಿ ಬಿಗಿದಿರಬಹುದು, ಇಲ್ಲವೇ ಒಳಗೆ ನೀರು ಹೋಗಿರಬಹುದು. ತಾಮ್ರದ ಸುರುಳಿಯ ಒಂದು ಭಾಗ ಮಾತ್ರ ಕಪ್ಪಾಗಿದ್ದರೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಸುತ್ತಲೂ ಒಂದೇ ಸಮನೆ ಕಂದಿದ್ದರೆ ವಿಪರೀತ ಹೊರೆ. ನನ್ನದರಲ್ಲಿ ಸುರುಳಿ ಸುತ್ತಲೂ ಕಂದಿತ್ತು, ಜೊತೆಗೆ ಡಯೋಡ್ ಪ್ಲೇಟ್ ಸುಟ್ಟಿತ್ತು. ಪಕ್ಕದಲ್ಲಿದ್ದ ಬೇರಿಂಗ್ ನುಣ್ಣಗೆ ತಿರುಗುತ್ತಿತ್ತು.

ಹೊಸದನ್ನು ಕೂರಿಸಿದ ಮೇಲೆ ವೋಲ್ಟ್ ಅಳೆಯಲು ಮಲ್ಟಿಮೀಟರ್ ಹಿಡಿದೆ. ಎಂಜಿನ್ ನಿಂತಿದ್ದಾಗ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ ಅಂದಾಜು 13.8ರಿಂದ 14.5. ಲೈಟು, ಫ್ಯಾನು ಎಲ್ಲ ಹಾಕಿ ಎಂಜಿನ್ ಸ್ವಲ್ಪ ಏರಿಸಿ ನೋಡಿದರೆ ಬ್ಯಾಟರಿಯ ಮೇಲೆ ಬಂದದ್ದು 13.0. ಅಲ್ಲಿಗೇ ನಿಲ್ಲಿಸಿದ್ದರೆ ಹೊಸದೂ ಕೆಟ್ಟಿದೆ ಎನ್ನಬೇಕಿತ್ತು. ಮೀಟರನ್ನು ಆಲ್ಟರ್ನೇಟರಿನ ಮೇಲೆಯೇ ಇಟ್ಟಾಗ 14.4! ನಡುವಿನ 1.4 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿತ್ತು.

ಎಲ್ಲಿ ಎಂದು ಹುಡುಕುವುದು ಸುಲಭ. ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ದಪ್ಪ ತಂತಿಯ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ ಕಂಬಕ್ಕೆ: 0.5. ಆಮೇಲೆ ಆಲ್ಟರ್ನೇಟರಿನ ಲೋಹದ ಮೈಗೂ ಬ್ಯಾಟರಿಯ ಮೈನಸ್‌ಗೂ: 0.9. ಎರಡೂ ಕಡೆ 0.2ರ ಆಸುಪಾಸಿನಲ್ಲಿದ್ದರೆ ನನಗೆ ನೆಮ್ಮದಿ.

ಪ್ಲಸ್ ಬದಿಯ ರಬ್ಬರ್ ಟೋಪಿ ತೆಗೆದಾಗ ನಟ್ ಕೈಬೆರಳಿಗೇ ತಿರುಗಿತು. ತಂತಿಯ ತುದಿಯ ಲೋಹದ ಬಳೆಯ (ಲಗ್) ಸುತ್ತ ಕಪ್ಪು ಮಸಿ. ಇಂಥ ಸಡಿಲ ಜೋಡಣೆ ಹೊಂಡ ಹಾರಿದಾಗಲೆಲ್ಲ ಕ್ಷಣಮಾತ್ರ ಬಿಟ್ಟು ಹಿಡಿಯುತ್ತದೆ, ಆಗ ವೋಲ್ಟೇಜ್ ಒಮ್ಮೆಲೇ ಚಿಮ್ಮುತ್ತದೆ. ಡಯೋಡ್ ಸಾಯಲು ಅಷ್ಟು ಸಾಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತಂತಿ ಕಿತ್ತು ಡೈನಮೋ ಪರೀಕ್ಷಿಸುವ ಹಳೆಯ ಪದ್ಧತಿಯೂ ಇದೇ ಕಾರಣಕ್ಕೆ ಅಪಾಯಕಾರಿ. ನನ್ನ ಕಾರಿಗೆ ಯಾರಾದರೂ ಹಾಗೆ ಮಾಡಹೊರಟರೆ ಕೈ ಹಿಡಿದು ನಿಲ್ಲಿಸುತ್ತೇನೆ.

ಮೈನಸ್ ಬದಿಯಲ್ಲಿ, ಎಂಜಿನ್‌ನಿಂದ ಕಾರಿನ ಲೋಹದ ಮೈಗೆ ಹೋಗುವ ಅರ್ಥ್ ಕೇಬಲ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಹೊದಿಕೆ ಸೀಳಿದರೆ ಒಳಗೆ ಹಸಿರು ಪುಡಿ. ಉಪ್ಪು ತಾಮ್ರವನ್ನು ತಿಂದು ಮುಗಿಸಿತ್ತು. ಬ್ಯಾಟರಿಯ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿದಾಗ ಐದು ಸೆಲ್‌ಗಳಲ್ಲಿ 1.250ರ ಸುತ್ತ, ಒಂದರಲ್ಲಿ ಮಾತ್ರ 1.150. ಇಂಥ ಬ್ಯಾಟರಿ ಎಷ್ಟು ಕೊಟ್ಟರೂ ತುಂಬುವುದಿಲ್ಲ. ಆಲ್ಟರ್ನೇಟರ್ ಬಿಡುವಿಲ್ಲದೆ ದುಡಿದು ಬಿಸಿಯಾಗುತ್ತದೆ. ಸುರುಳಿ ಸುತ್ತಲೂ ಕಂದಿದ್ದಕ್ಕೆ ಕಾರಣ ಇದೇ ಎಂದು ನನ್ನ ಅಂದಾಜು.

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದೆ. ಇದನ್ನು ಮರೆಯಬಾರದು, ಆಲ್ಟರ್ನೇಟರಿನ ದಪ್ಪ ತಂತಿಯಲ್ಲಿ ಸದಾ ಕರೆಂಟ್ ಇರುತ್ತದೆ. ಹೊಸ ಅರ್ಥ್ ಕೇಬಲ್ ಹಾಕಿ, ಅದು ಕೂರುವ ಜಾಗದ ಬಣ್ಣವನ್ನು ಲೋಹ ಹೊಳೆಯುವವರೆಗೆ ಎಮರಿ ಕಾಗದದಿಂದ ಉಜ್ಜಿದೆ. ಎಂಜಿನ್‌ನಿಂದ ನೇರ ಬ್ಯಾಟರಿಯ ಮೈನಸ್‌ಗೆ ಇನ್ನೊಂದು ಕೇಬಲ್ ಎಳೆದೆ. ಗ್ರೀಸ್ ಸವರಿದ್ದು ನಟ್ ಬಿಗಿದ ಮೇಲೆ, ಜೋಡಣೆಯ ಹೊರಗೆ. ಹೊಸ ಬ್ಯಾಟರಿಯನ್ನೂ ಚಾರ್ಜರಿಗೆ ಹಾಕಿ ತುಂಬಿಸಿಯೇ ಕೂರಿಸಿದೆ. ಖಾಲಿ ಬ್ಯಾಟರಿ ತುಂಬಿಸುವುದು ಆಲ್ಟರ್ನೇಟರಿನ ಕೆಲಸವಲ್ಲ.

ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಯೂ ಕಾಣೆಯಾಗಿತ್ತು. ಆಯಿಲ್ ಬದಲಾಯಿಸುವಾಗ ಬಿಚ್ಚಿದವರು ಮತ್ತೆ ಹಾಕುವ ಗೋಜಿಗೆ ಹೋಗಿರಲಿಲ್ಲ. ಹೆದ್ದಾರಿಯ ಕೆಸರು ನೀರು ನೇರ ಆಲ್ಟರ್ನೇಟರಿಗೆ ಸಿಡಿಯುತ್ತಿತ್ತು. ಹೊಸ ತಟ್ಟೆ ಹಾಕಿಸಿದೆ. ವಾಟರ್ ಸರ್ವಿಸ್‌ನವರಿಗೆ ಎಂಜಿನ್ ಕಡೆ ಜೆಟ್ ಹಿಡಿಯಬೇಡಿ ಎಂದು ಎದುರು ನಿಂತೇ ಹೇಳುತ್ತೇನೆ.

ಈಗ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅದೇ ಎರಡು ಅಳತೆ ತೆಗೆಯುತ್ತೇನೆ. ಕಳೆದ ಸಲ ಎರಡೂ ಕಡೆ 0.1ರ ಒಳಗಿತ್ತು. ಬ್ಯಾಟರಿಯ ಕಂಬಕ್ಕೆ ಮಾತ್ರ ಮತ್ತೆ ಬಿಳಿ ಪುಡಿ ಕಟ್ಟಿತ್ತು. ಬಿಸಿನೀರಿನಲ್ಲಿ ತೊಳೆದು ಒರೆಸಿ ಬಿಗಿದೆ.